ಮಾತಿನ ಒಳಮನೆ: ‘ಇನ್ವಾಲ್ವ್’ ಎಂಬ ಸುರುಳಿ

ನಮ್ಮ ಮುಂಬಯಿಯ ಕನ್ನಡ ಮನೆಗಳಿಗೆ ಬಾಡಿಗೆಗೆಂದು ಬಂದು ಯಜಮಾನರಾಗಿ ಕುಳಿತ ಇಂಗ್ಲಿಷ್ ಶಬ್ದಗಳು ಎಷ್ಟೋ ಇವೆ. ಅವುಗಳಲ್ಲಿ ಈ ಸಲ ನಾವು ಎತ್ತಿಕೊಂಡಿರುವುದು ‘ಇನ್ವಾಲ್ವ್’ ಎಂಬುದನ್ನು. ಅಡಿಗೆಮನೆಯಲ್ಲಿ ಈ ಶಬ್ದ ಉಂಟು, ಸೊಸೈಟಿಯ ಮೀಟಿಂಗಿನಲ್ಲಿ ಉಂಟು, ಊರಿಗೆ ಮಾಡುವ ಫೋನಿನಲ್ಲಿಯೂ ಉಂಟು. “ಹುಡುಗ ಓದಿನಲ್ಲಿ ಇನ್ವಾಲ್ವ್ ಆಗುವುದೇ ಇಲ್ಲ” ಎಂದು ತಾಯಿ ದೂರುತ್ತಾಳೆ. “ಕಂಟ್ರಾಕ್ಟರನ ವ್ಯವಹಾರದಲ್ಲಿ ಕಮಿಟಿಯವರೂ ಇನ್ವಾಲ್ವ್ ಆಗಿದ್ದಾರಂತೆ” ಎಂದು ಮೂರನೆಯ ಮಾಳಿಗೆಯವರು ಪಿಸುಗುಟ್ಟುತ್ತಾರೆ. “ಅಣ್ಣತಮ್ಮಂದಿರ ಜಗಳ, ನಾವು ಇನ್ವಾಲ್ವ್ ಆಗುವುದು ಬೇಡ” ಎಂದು ಮನೆಯಾಕೆ ಯಜಮಾನರಿಗೆ ಬುದ್ಧಿ ಹೇಳುತ್ತಾಳೆ.

ಶಬ್ದ ಒಂದೇ. ಆದರೆ ಮೊದಲ ಮಾತಿನಲ್ಲಿ ಅದು ಗುಣ, ಎರಡನೆಯದರಲ್ಲಿ ಅಪರಾಧ, ಮೂರನೆಯದರಲ್ಲಿ ಅಪಾಯ. ಒಂದೇ ಕೊಡದಲ್ಲಿ ಹಾಲು, ಸುಣ್ಣದ ನೀರು, ಸೀಮೆಯೆಣ್ಣೆ ಮೂರನ್ನೂ ತರುವ ಮನೆಯಲ್ಲಿ ಎಂದಾದರೂ ಒಂದು ದಿನ ಅನಾಹುತ ಆಗಲೇಬೇಕಲ್ಲವೆ? ಹಾಗೆ ಆದದ್ದನ್ನೂ ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಈ ಶಬ್ದದ ಕುಲಗೋತ್ರವನ್ನು ವಿಚಾರಿಸೋಣ.

ಇದರ ಮೂಲ ಲ್ಯಾಟಿನ್. ‘ವೊಲ್ವೆರೆ’ ಎಂದರೆ ಉರುಳಿಸು, ಸುತ್ತು. ‘ಇನ್’ ಎಂದರೆ ಒಳಗೆ. ಒಳಗೆ ಹಾಕಿ ಸುತ್ತುವುದೇ ಇನ್ವಾಲ್ವ್. ಕಿರಾಣಿ ಅಂಗಡಿಯವನು ಬೆಲ್ಲವನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾನಲ್ಲ, ಆ ಬೆಲ್ಲದ ಪಾಡು. ಹದಿನಾಲ್ಕನೆಯ ಶತಮಾನದ ಕೊನೆಗೆ ಈ ಶಬ್ದ ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದ ಅರ್ಥ ಸುತ್ತು, ಮುಚ್ಚು ಎಂಬಷ್ಟೆ. ಸುತ್ತಿದ್ದನ್ನು ಬಿಚ್ಚುವುದು ಕಷ್ಟ; ಆದ್ದರಿಂದ ಬರಬರುತ್ತ ತೊಡಕು ಎಂಬ ಅರ್ಥ ಬಂದಿತು. ಸುತ್ತಿದ ಪೊಟ್ಟಣದೊಳಗೆ ಏನೋ ಇದ್ದೇ ಇರುತ್ತದೆ. ಆದ್ದರಿಂದ ‘ಒಳಗೊಂಡಿರು’ ಎಂಬ ಅರ್ಥವೂ ಹುಟ್ಟಿತು. ಮನಸ್ಸಿಟ್ಟು ಭಾಗವಹಿಸು ಎಂಬ ಒಳ್ಳೆಯ ಅರ್ಥ ಇವೆಲ್ಲಕ್ಕಿಂತ ಕಿರಿಯದು.

ಇದರ ಒಡಹುಟ್ಟಿದವರನ್ನು ವಾಚಕರು ಚೆನ್ನಾಗಿ ಬಲ್ಲರು. ತಿರುಗುವುದು ‘ರಿವಾಲ್ವ್’, ಗುಂಡಿನ ಕೊಳವೆ ತಿರುಗುವ ಕೋವಿ ‘ರಿವಾಲ್ವರ್’. ಸುರುಳಿ ಬಿಚ್ಚಿಕೊಳ್ಳುವುದು ‘ಇವಾಲ್ವ್’. ಪುಸ್ತಕದ ಸಂಪುಟಕ್ಕೆ ‘ವಾಲ್ಯೂಮ್’ ಎನ್ನುತ್ತಾರೆ. ರೋಮಿನವರ ಗ್ರಂಥಗಳು ಸುರುಳಿ ಸುತ್ತಿ ಇಡುವಂಥವಾಗಿದ್ದುದರಿಂದ ಆ ಹೆಸರು. ನಮ್ಮ ಹಿರಿಯರು ಓಲೆಗರಿಗಳನ್ನು ದಾರದಲ್ಲಿ ಪೋಣಿಸಿ ಕಟ್ಟುತ್ತಿದ್ದರು. ‘ಗ್ರಂಥ’ ಎಂಬ ಶಬ್ದಕ್ಕೆ ಕಟ್ಟಿದ್ದು ಎಂದೇ ಅರ್ಥ, ‘ಗ್ರಂಥಿ’ ಎಂದರೆ ಗಂಟು. ಅವರದು ಸುರುಳಿ, ನಮ್ಮದು ಕಟ್ಟು. ಬಿಚ್ಚದೆ ಓದುವ ಹಾಗಿಲ್ಲ ಎಂಬುದು ಮಾತ್ರ ಎರಡಕ್ಕೂ ಸಮಾನ.

ಊರಿಗೆ ಹೋಗಲು ‘ವೋಲ್ವೋ’ ಬಸ್ಸಿನಲ್ಲಿ ಸೀಟು ಹಿಡಿಯುವವರಿಗೆ ಇನ್ನೊಂದು ಮಾತು. ಆ ಹೆಸರೂ ಇದೇ ವಂಶದ್ದು. ಲ್ಯಾಟಿನಿನಲ್ಲಿ ವೋಲ್ವೋ ಎಂದರೆ ‘ನಾನು ಉರುಳುತ್ತೇನೆ’. ಸ್ವೀಡನ್ನಿನಲ್ಲಿ 1915ರಲ್ಲಿ ಬೇರಿಂಗುಗಳಿಗಾಗಿ ನೋಂದಾಯಿಸಿದ ಹೆಸರು ಅದು. 1927ರಲ್ಲಿ ಆ ಹೆಸರಿನ ಮೊದಲ ಕಾರು ಹೊರಬಂದಿತು. ಮುಂದೆ ಅದೇ ಕಂಪನಿ ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕಾರ್ಖಾನೆಯನ್ನು ತೆರೆದು, ನಮ್ಮ ಹೆದ್ದಾರಿಗಳ ಮೇಲೆ ಉರುಳತೊಡಗಿತು. ಹೀಗೆ, ಊರಿನ ವ್ಯವಹಾರದಲ್ಲಿ ಇನ್ವಾಲ್ವ್ ಆಗಲು ವೋಲ್ವೋ ಹತ್ತುವ ನಮ್ಮವರು ಒಂದೇ ಧಾತುವಿನ ಮೇಲೆ ಕುಳಿತು ಇನ್ನೊಂದು ಕಡೆಗೆ ಹೋಗುತ್ತಿರುತ್ತಾರೆ.

ಇಂಗ್ಲಿಷಿನಲ್ಲಿ ತೊಡಕನ್ನು ಹೇಳಲು ಸುತ್ತುವ ಶಬ್ದವಲ್ಲದೆ ಮಡಿಸುವ ಶಬ್ದವೂ ಇದೆ. ಲ್ಯಾಟಿನಿನ ‘ಪ್ಲಿಕಾರೆ’ ಎಂದರೆ ಮಡಿಸು. ಒಂದರ ಜೊತೆಗೆ ಒಂದನ್ನು ಸೇರಿಸಿ ಮಡಿಸಿದರೆ ‘ಕಾಂಪ್ಲಿಕೇಟ್’. ಒಳಕ್ಕೆ ಸೇರಿಸಿ ಮಡಿಸಿದರೆ ‘ಇಂಪ್ಲಿಕೇಟ್’, ಅಂದರೆ ಅಪರಾಧದಲ್ಲಿ ಸಿಲುಕಿಸುವುದು. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥ ಗುಮಾಸ್ತರಿಗೆ ಇದರ ಉಳಿದ ಸಂತಾನವನ್ನು ನೋಡಿ ನಗು ಬರುತ್ತದೆ. ಜನರು ಕೊಡುವ ‘ಅಪ್ಲಿಕೇಶನ್’ ಮಡಿಕೆ. ನಾವು ಬರೆಯುವ ‘ರಿಪ್ಲೈ’ ಮಡಿಕೆ. ‘ಡೂಪ್ಲಿಕೇಟ್’ ಎರಡು ಮಡಿಕೆ, ‘ಟ್ರಿಪ್ಲಿಕೇಟ್’ ಮೂರು ಮಡಿಕೆ. ಇಷ್ಟೇ ಅಲ್ಲ, ಲ್ಯಾಟಿನಿನ ಆ ‘ಇಂಪ್ಲಿಕಾರೆ’ ಎಂಬ ಶಬ್ದವೇ ಫ್ರಾನ್ಸಿನ ದಾರಿಯಾಗಿ ಬಂದು ‘ಎಂಪ್ಲಾಯ್’ ಆಯಿತು. ಅಂದರೆ ಎಂಪ್ಲಾಯ್ ಆದವನೂ ಇಂಪ್ಲಿಕೇಟ್ ಆದವನೂ ಶಬ್ದದ ಲೆಕ್ಕದಲ್ಲಿ ದಾಯಾದಿಗಳು! ನಿವೃತ್ತಿಯಾಗುವ ತನಕ ಬಿಚ್ಚಿಕೊಳ್ಳದ ಮಡಿಕೆ ಇದು ಎಂಬುದನ್ನು ಸರಕಾರಿ ನೌಕರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಕನ್ನಡದ ಕಡೆಗೆ ಬರೋಣ. ಕಿಟ್ಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟನ್ನಾಗಲಿ, ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟನ್ನಾಗಲಿ ತೆರೆದರೆ ತೊಡಕಿನ ಶಬ್ದಗಳಿಗೆ ನಮ್ಮಲ್ಲಿ ಬರಗಾಲವಿಲ್ಲವೆಂಬುದು ತಿಳಿಯುತ್ತದೆ. ಸಿಕ್ಕು, ತೊಡಕು, ತೊಡರು, ಗಂಟು, ಕಗ್ಗಂಟು, ಗೋಜು, ಗೋಜಲು. ಸಂಸ್ಕೃತದಿಂದ ಬಂದ ‘ಜಟಿಲ’ ಬೇರೆ. ಅದು ಜಟೆಗಟ್ಟಿದ ಕೂದಲಿನಿಂದ ಹುಟ್ಟಿದ ಮಾತು.

ಇವುಗಳಲ್ಲಿ ‘ಸಿಕ್ಕು’ ಎಂಬುದು ಬಹಳ ತಮಾಷೆಯದು. ತಲೆ ಬಾಚುವಾಗ ಹಣಿಗೆಗೆ ಅಡ್ಡ ಬರುವುದೂ ಸಿಕ್ಕು. ಹುಡುಕಿದ್ದು ಕೈಗೆ ಬರುವುದೂ ಸಿಕ್ಕು. “ಖೋಲಿ ಸಿಕ್ಕಿತು” ಎಂದು ಊರಿಗೆ ಸಂತೋಷದ ಕಾಗದ ಬರೆದವನು, ಪಗಡಿಯ ಸಾಲ ತೀರಿಸಲಾರದೆ “ಸಿಕ್ಕಿಬಿದ್ದೆ” ಎಂದು ಬರೆಯುವಾಗ ಶಬ್ದವನ್ನು ಬದಲಿಸಬೇಕಾಗಿಲ್ಲ. ಪಡೆದದ್ದೇ ಹಿಡಿದುಕೊಳ್ಳುತ್ತದೆ ಎಂಬ ಲೋಕಾನುಭವ ಆ ಒಂದು ಶಬ್ದದಲ್ಲಿಯೇ ಇದೆ.

‘ತೊಡಕು’ ಇದಕ್ಕಿಂತ ಸೂಕ್ಷ್ಮ. ಅದರ ಮಗ್ಗುಲಲ್ಲಿಯೇ ‘ತೊಡಗು’ ಎಂಬುದು ನಿಂತಿದೆ. ಕೆಲಸಕ್ಕೆ ತೊಡಗಿದ, ಓದಿನಲ್ಲಿ ತೊಡಗಿದ್ದಾನೆ, ಬಂಡವಾಳ ತೊಡಗಿಸಿದ, ಇವೆಲ್ಲ ಒಳ್ಳೆಯ ಮಾತುಗಳು. ಒಂದು ‘ಗು’ ‘ಕು’ ಆದರೆ ಸಾಕು, ಉತ್ಸಾಹ ಹೋಗಿ ಸಂಕಟ ಬರುತ್ತದೆ. ತಮಿಳರ ಧಾರಾವಾಹಿಗಳ ಕೊನೆಗೆ ‘ತೊಡರುಂ’ ಎಂದು ಬರುತ್ತದೆ. ಮುಂದುವರಿಯುತ್ತದೆ ಎಂದು ಅದರ ಅರ್ಥ. ನಮ್ಮಲ್ಲಿ ತೊಡರಿದವನು ಮುಂದುವರಿಯುವುದಿಲ್ಲ, ಮುಗ್ಗರಿಸುತ್ತಾನೆ! ಬಳ್ಳಿ ಒಂದೇ, ಒಂದು ಮನೆಯವರು ಅದನ್ನು ಹಿಡಿದು ಮುಂದೆ ನಡೆದರು, ಇನ್ನೊಂದು ಮನೆಯವರು ಅದಕ್ಕೆ ಕಾಲು ಕೊಟ್ಟರು.

‘ಗೋಜು’ ಎಂಬುದಂತೂ ನಮ್ಮ ಇಂದಿನ ಶಬ್ದಕ್ಕೆ ಹೇಳಿ ಮಾಡಿಸಿದ ಜೋಡಿ. “ಅದರ ಗೋಜಿಗೆ ಹೋಗಬೇಡ” ಎಂದರೆ ಮುಗಿಯಿತು. ಇನ್ವಾಲ್ವ್ ಆಗಬೇಡ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಬೇಕೆ?

ಮುಂಬಯಿಯವರಾದ ನಮಗೆ ಇನ್ನೊಂದು ತೊಡಕು ಹೆಚ್ಚಿನದು. ಇಲ್ಲಿಯ ಮರಾಠಿ ಫಲಕಗಳಲ್ಲಿ ‘ಸಾಮೀಲ ವ್ಹಾ’ ಎಂದು ಬರೆದಿರುತ್ತಾರೆ. ಬನ್ನಿ, ಸೇರಿಕೊಳ್ಳಿ ಎಂಬ ಸೌಜನ್ಯದ ಕರೆ ಅದು. ಹಿಂದಿಯ ‘ಶಾಮಿಲ್’ ಸಹ ಹಾಗೆಯೇ ನಿರಪರಾಧಿ. ಕನ್ನಡದಲ್ಲಿ ಮಾತ್ರ ‘ಶಾಮೀಲಾಗಿದ್ದಾನೆ’ ಎಂದರೆ ಪೋಲೀಸರು ಬರಬೇಕು! ಊರಿನಿಂದ ಹೊಸದಾಗಿ ಬಂದ ಮುದುಕರ ಮುಂದೆ ಇಲ್ಲಿಯ ಮೊಮ್ಮಗ “ನಾನೂ ಅದರಲ್ಲಿ ಶಾಮೀಲು” ಎಂದು ಹೆಮ್ಮೆಯಿಂದ ಹೇಳಿದರೆ ಅವರು ಎದೆ ಹಿಡಿದುಕೊಂಡಾರು. ಮರಾಠಿಯಲ್ಲಿ ತೊಡಕಿಗೆ ‘ಗುಂತಾ’ ಎನ್ನುತ್ತಾರೆ. ಅದರ ಸಂಬಂಧಿಯೇ ‘ಗುಂತವಣೂಕ’, ಎಂದರೆ ಹಣ ಹೂಡುವುದು. ಹೂಡಿದ ಹಣವು ತೊಡಕಿನಲ್ಲಿ ಸಿಕ್ಕ ಹಣವೆಂದು ತಿಳಿದೇ ಈ ಹೆಸರಿಟ್ಟರೋ ಏನೋ, ಶೇರು ಬಜಾರು ಇರುವ ಊರಿನ ಭಾಷೆಗೆ ಇದು ಒಪ್ಪುತ್ತದೆ.

ಈಗ ಆಗಲೇ ಸೂಚಿಸಿದ ಅನಾಹುತದ ವಿಷಯ. ಜೋಗೇಶ್ವರಿ ಪೂರ್ವದಲ್ಲಿ ನಮ್ಮ ಪರಿಚಯದ ಒಂದು ಮನೆ. ಹೆಸರು ಬೇಡ. ಯಜಮಾನರು ಉತ್ತರ ಕನ್ನಡದವರು. ಮೂವತ್ತು ವರ್ಷಗಳ ಹಿಂದೆ ಇಲ್ಲಿಗೆ ಬಂದವರು. ಊರಿನಲ್ಲಿ ಹಿರಿಯರ ಅಡಿಕೆ ತೋಟ, ಅದನ್ನು ನೋಡಿಕೊಳ್ಳುವ ಅಣ್ಣ, ಅಣ್ಣನಿಗೂ ತಮ್ಮನಿಗೂ ವ್ಯಾಜ್ಯ. ಇವರಿಗೆ ಒಬ್ಬಳೇ ಮಗಳು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ನೌಕರಿಗೆ ಸೇರಿದವಳು. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಹೋದ ವರ್ಷ ಊರಿನಲ್ಲಿ ಪಾಲು ಮಾಡುವ ಮಾತು ಬಂದಿತು. ಮಗಳ ಸಹಿಯೂ ಬೇಕು ಎಂದು ಅಣ್ಣ ಫೋನು ಮಾಡಿದರು. ತಂದೆ ಕೇಳಿದ್ದಕ್ಕೆ ಅವಳು, “ನಂಗೆ ಇದ್ರಲ್ಲೆಲ್ಲ ಇನ್ವಾಲ್ವ್ ಆಗೋದು ಬೇಡ ಅಪ್ಪಾ” ಎಂದಳು.

ತಂದೆ ಇದನ್ನು ತಮಗೆ ತಿಳಿದಂತೆ ಕನ್ನಡಿಸಿಕೊಂಡರು: ‘ನನಗೆ ಆ ಊರು ಬೇಡ, ಆ ಮನೆ ಬೇಡ, ನಿಮ್ಮ ಹಿರಿಯರೂ ಬೇಡ.’ ಮನಸ್ಸು ಮುರಿದುಹೋಯಿತು. ಮಗಳೊಡನೆ ಮಾತು ಕಡಿಮೆಯಾಯಿತು. ಅಣ್ಣನಿಗೆ, “ಅವಳಿಗೆ ಏನೂ ಬೇಡವಂತೆ” ಎಂದು ತಿಳಿಸಿದರು. ಅಣ್ಣನವರು ಅದನ್ನು ಮತ್ತೂ ಮುಂದಕ್ಕೆ ಕನ್ನಡಿಸಿ, ಒಂದು ಹಕ್ಕುಬಿಡುಗಡೆ ಪತ್ರದ ಕರಡನ್ನು ಬರೆಸಿ ಕಳಿಸಿದರು. ಅವಳು ಸ್ವಸಂತೋಷದಿಂದ ತನ್ನ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದಾಳೆ, ಮುಂದೆ ತನ್ನದಾಗಲಿ ತನ್ನ ವಾರಸುದಾರರದಾಗಲಿ ಯಾವ ತಕರಾರೂ ಇಲ್ಲ, ಎಂದು ಅದರ ಒಕ್ಕಣೆ. ಒಂದು ಇಂಗ್ಲಿಷ್ ಶಬ್ದ ಕನ್ನಡದ ಎರಡು ಬಾಯಿಗಳನ್ನು ದಾಟುವಷ್ಟರಲ್ಲಿ ಮೂರು ಪುಟದ ದಸ್ತಾವೇಜು ಆಗಿತ್ತು.

ಕರಡನ್ನು ತೋರಿಸಲು ತಂದೆ ನಮ್ಮಲ್ಲಿಗೆ ಬಂದರು. ನಾವು ಹೇಳಿದ್ದು ಇಷ್ಟೆ: “ಅದನ್ನು ಅವಳ ಮುಂದೆ ಓದಿ, ರಾಯರೇ. ಅವಳಿಗೆ ತಿಳಿಯುವ ಕನ್ನಡದಲ್ಲಿ ಓದಿ.” ಆ ರವಿವಾರ ಅವರ ಮನೆಯಲ್ಲಿ ನಾವೂ ಕುಳಿತಿದ್ದೆವು. ‘ವಾರಸುದಾರರು’ ಎಂಬಲ್ಲಿಗೆ ಬಂದಾಗ ಹುಡುಗಿ ತಡೆದಳು. “ಇದನ್ನು ನಾನು ಯಾವಾಗ ಹೇಳಿದೆ?” ಎಂದು ಕೇಳಿದಳು. ತಾಯಿ, “ಮತ್ತೆ ಅವತ್ತು ಹೇಳಿದ್ದೇನು ಕೂಸೇ?” ಎಂದರು. “ದೊಡ್ಡಪ್ಪ ಚಿಕ್ಕಪ್ಪನ ಜಗಳದಲ್ಲಿ ನಾನು ಯಾರ ಪಕ್ಷವೂ ಅಲ್ಲ ಅಂದೆ, ಆಯೀ. ತೋಟ ಬೇಡ ಅಂತ ಯಾರು ಅಂದ್ರು?” ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕರಡನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡರು.

ಅವಳು ಬೇಡವೆಂದದ್ದು ಗೋಜನ್ನು. ತಂದೆ ಕೇಳಿಸಿಕೊಂಡದ್ದು ತಾನು ತೊಡಗಲಾರೆ ಎಂಬುದನ್ನು. ಅಣ್ಣ ಬರೆಸಿದ್ದು ಹಕ್ಕನ್ನು ಬಿಟ್ಟೆ ಎಂಬುದನ್ನು. ಯಾರೂ ಕೆಟ್ಟವರಲ್ಲ. ಅಣ್ಣನವರಿಗೂ ತೋಟ ಕಾಯ್ದ ಶ್ರಮವಿದೆ. ಈಗ ಅವರು ಸಿಟ್ಟಾಗಿದ್ದಾರೆ. ಪಾಲು ಇನ್ನೂ ಆಗಿಲ್ಲ. ಮೇ ತಿಂಗಳಲ್ಲಿ ತಾನೇ ಊರಿಗೆ ಹೋಗಿ ತೋಟ ನೋಡುವುದಾಗಿಯೂ, ಬಿಡಬೇಕೆನಿಸಿದರೆ ನೋಡಿದ ಮೇಲೆ ಬಿಡುವುದಾಗಿಯೂ ಹುಡುಗಿ ಹೇಳಿದ್ದಾಳೆ. ಅದು ನ್ಯಾಯವೆಂದು ನಮಗೂ ತೋರುತ್ತದೆ.

ಇಂಥ ಮನೆಗಳು ನಮ್ಮಲ್ಲಿ ಹಲವಿರುವುದರಿಂದ ಕಾನೂನಿನ ನಾಲ್ಕು ಮಾತು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ 1994ರಲ್ಲಿಯೇ ಜಾರಿಗೆ ಬಂದಿತ್ತು; ಅದಕ್ಕಿಂತ ಮೊದಲೇ ಮದುವೆಯಾದವರು ಅದರಿಂದ ಹೊರಗುಳಿದಿದ್ದರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ, ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದಿತು. ಆ ದಿನ ತಂದೆ ಬದುಕಿರಬೇಕಾಗಿತ್ತೆ ಎಂಬ ವಿವಾದವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು, ಬದುಕಿರಬೇಕಾಗಿರಲಿಲ್ಲ ಎಂದು ತೀರ್ಮಾನಿಸಿತು. ಆದ್ದರಿಂದ “ನಾನು ಇನ್ವಾಲ್ವ್ ಆಗುವುದಿಲ್ಲ” ಎಂದು ಬಾಯಲ್ಲಿ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಸ್ಥಿರಾಸ್ತಿಯ ಹಕ್ಕು ನೂರು ರೂಪಾಯಿ ಬೆಲೆಯದಾದರೂ ಅದನ್ನು ಬಿಡುವ ಪತ್ರ 1908ರ ನೋಂದಣಿ ಕಾಯಿದೆಯಂತೆ ನೋಂದಣಿಯಾಗಬೇಕು. ಆದರೆ ನೋಂದಾಯಿಸಿ ಸಹಿ ಹಾಕಿದ ಮೇಲೆ “ನನಗೆ ಕನ್ನಡ ಓದಲು ಬರುತ್ತಿರಲಿಲ್ಲ” ಎಂದು ಹೇಳಿ ಬಿಡಿಸಿಕೊಳ್ಳುವುದು ಸುಲಭವಲ್ಲ. ಊರಿನ ಪಹಣಿಯನ್ನು ಇಲ್ಲಿಂದಲೇ ‘ಭೂಮಿ’ಯ ಮೂಲಕ ಕಂಪ್ಯೂಟರಿನಲ್ಲಿ ನೋಡಬಹುದು. ಯಾರ ಯಾರ ಹೆಸರಿದೆಯೆಂದು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿರಿ.

ಜಾಮೀನಿನ ವಿಷಯವೂ ಇದರ ತಮ್ಮನೇ. ಪತಪೇಢಿಯಲ್ಲಿ ಸಾಲ ತೆಗೆಯುವ ಗೆಳೆಯ, “ಸುಮ್ಮನೆ ಒಂದು ಸಹಿ, ನೀವೇನೂ ಇನ್ವಾಲ್ವ್ ಆಗುವುದಿಲ್ಲ” ಎನ್ನುತ್ತಾನೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ, ಸಾಲಗಾರನ ಹೊಣೆಯಷ್ಟೇ ಜಾಮೀನುದಾರನ ಹೊಣೆ. ಸಹಿ ಸುಮ್ಮನಿದ್ದರೂ ಕಲಮು ಸುಮ್ಮನಿರುವುದಿಲ್ಲ. ಹಾಗೆಂದು ಯಾರಿಗೂ ಜಾಮೀನು ನಿಲ್ಲಬಾರದೆಂದು ನಾವು ಹೇಳುವುದಿಲ್ಲ. ನಮ್ಮ ಎಷ್ಟೋ ಸಂಸಾರಗಳು ಈ ಊರಿನಲ್ಲಿ ನೆಲೆ ನಿಂತದ್ದೇ ಇನ್ನೊಬ್ಬರ ಸಹಿಯಿಂದ. ಸುತ್ತಿಕೊಳ್ಳುತ್ತಿದ್ದೇವೆ ಎಂದು ತಿಳಿದು ಸುತ್ತಿಕೊಳ್ಳೋಣ, ಅಷ್ಟೆ.

ಹಾಗಾದರೆ ತೊಡಕಿಗೆ ಹೆದರಿ ಯಾವುದರಲ್ಲಿಯೂ ಸೇರದೆ ಇರುವುದು ಜಾಣತನವೆ? ನಾವಿರುವ ಜಾಗದ ಹೆಸರೇ ಅಲ್ಲವೆನ್ನುತ್ತದೆ. ಇಲ್ಲಿಯ ಆರನೆಯ ಶತಮಾನದ ಶೈವ ಗುಹೆಯಲ್ಲಿ ನೆಲೆಸಿರುವ ದೇವಿ ಯೋಗೇಶ್ವರಿ; ಅವಳೇ ಜೋಗೇಶ್ವರಿ. ಯಾತ್ರೆ ಜಾತ್ರೆಯಾದಂತೆ, ಯೌವನ ಜವ್ವನವಾದಂತೆ, ಯೋಗ ಜೋಗವಾಯಿತು. ‘ಯುಜ್’ ಎಂದರೆ ಕೂಡಿಸು, ನೊಗಕ್ಕೆ ಕಟ್ಟು. ಇಂಗ್ಲಿಷಿನ ನೊಗವಾದ ‘ಯೋಕ್’ ಎಂಬುದೂ, ರೈಲಿನವರ ‘ಜಂಕ್ಷನ್’ ಎಂಬುದೂ ಇದೇ ಪ್ರಾಚೀನ ಮೂಲದ ಬಂಧುಗಳು. ಸಂಯೋಗ, ವಿಯೋಗ, ಉಪಯೋಗ ಎಲ್ಲವೂ ಅದರಿಂದಲೇ. ಇಂಗ್ಲಿಷರು ಮಡಿಕೆಯೊಳಗೆ ಹಾಕಿದ ನೌಕರಿಯನ್ನು ನಮ್ಮವರು ‘ಉದ್ಯೋಗ’ ಎಂದು ನೊಗಕ್ಕೆ ಕಟ್ಟಿದರು. ಮಡಿಕೆಯೊಳಗಿದ್ದವನಿಗೆ ಹೊರಗಿನದು ಕಾಣುವುದಿಲ್ಲ. ನೊಗ ಹೊತ್ತವನಿಗೆ ಭಾರ ಉಂಟು, ಆದರೆ ದಾರಿ ಕಾಣುತ್ತದೆ, ಪಕ್ಕದಲ್ಲಿ ಇನ್ನೊಂದು ಹೆಗಲೂ ಇರುತ್ತದೆ.

ಇಂಗ್ಲಿಷ್ ಶಬ್ದವನ್ನು ಮನೆಯಿಂದ ಓಡಿಸಬೇಕೆಂದು ನಮ್ಮ ವಾದವಲ್ಲ. ಅದು ಇರಲಿ. ಆದರೆ ದೊಡ್ಡ ಮಾತು ಬಂದಾಗ, ಆಸ್ತಿಯದಾಗಲಿ, ಮದುವೆಯದಾಗಲಿ, ಜಗಳದ್ದಾಗಲಿ, ಆ ಶಬ್ದವನ್ನು ಒಮ್ಮೆ ಬಿಚ್ಚಿ, ‘ಗೋಜು ಬೇಡವೆನ್ನುತ್ತೀಯೋ, ತೊಡಗಲಾರೆ ಎನ್ನುತ್ತೀಯೋ, ಶಾಮೀಲಾಗಲಾರೆ ಎನ್ನುತ್ತೀಯೋ’ ಎಂದು ಕೇಳುವ ತಾಳ್ಮೆ ಹಿರಿಯರಿಗೆ ಇರಬೇಕು. ಕಿರಿಯರು ಉತ್ತರ ಕೊಡುವಷ್ಟು ಕನ್ನಡವನ್ನು ಇಟ್ಟುಕೊಂಡಿರಬೇಕು. ಅದಕ್ಕೆ ದೊಡ್ಡ ಪಾಂಡಿತ್ಯ ಬೇಡ, ಈ ಮೂರು ಶಬ್ದ ಸಾಕು.

ನಿಮ್ಮ ಮನೆಯಲ್ಲಿ ಹೀಗೆ ಅರ್ಥ ತಪ್ಪಿ ಓಡಾಡುತ್ತಿರುವ ಶಬ್ದ ಯಾವುದಾದರೂ ಇದ್ದರೆ ನಮಗೆ ಬರೆದು ಕಳಿಸಿರಿ. ಮುಂದಿನ ಸಂಚಿಕೆಯಲ್ಲಿ ಅದರ ಗಂಟನ್ನು ಬಿಚ್ಚಲು ತೊಡಗೋಣ.